ಹೆಣ್ಣೂರಿನ ಮಹಡಿಯಲ್ಲಿ ಎಗುಸಿ ಊಟ

ಹೆಣ್ಣೂರು ಮುಖ್ಯರಸ್ತೆಯ ಗದ್ದಲ ಬಿಟ್ಟು ಅಡ್ಡರಸ್ತೆಯೊಂದಕ್ಕೆ ಹೊರಳಿದರೆ ಮೊದಲು ಒಂದು ಹಾರ್ಡ್‌ವೇರ್ ಅಂಗಡಿ, ಆಮೇಲೆ ಎಳನೀರಿನ ಗಾಡಿ, ಅದರಾಚೆ ಕಿಟಕಿಯ ತುಂಬ ಉದ್ದುದ್ದ ಚೌರಿಗಳನ್ನು ಇಳಿಬಿಟ್ಟ ಜಡೆ ಹೆಣೆಯುವ ಅಂಗಡಿ ಸಿಗುತ್ತವೆ. ಅದರ ಪಕ್ಕದಲ್ಲೇ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಷ್ಟು ಇಕ್ಕಟ್ಟಿನ ಮೆಟ್ಟಿಲು. ಬೋರ್ಡು ಇಲ್ಲ, ಬಾಣದ ಗುರುತೂ ಇಲ್ಲ. ಮೊದಲ ಮೆಟ್ಟಿಲಿಗೆ ಕಾಲಿಡುವ ಮುಂಚೆಯೇ ವಾಸನೆ ಕೆಳಗಿಳಿದು ಬರುತ್ತದೆ. ಈರುಳ್ಳಿ, ಟೊಮೆಟೊ ತಳ ಹಿಡಿಯುವ ತನಕ ಹುರಿದದ್ದು ಮೊದಲು, ಅದರ ಹಿಂದೆಯೇ ಹೊಗೆಯಲ್ಲಿ ಒಣಗಿಸಿದ ಮೀನು. ಕಾರವಾರದ ಮೂಗಿಗೆ ಇಷ್ಟು ಸಾಕು. ಬನ್ನಿ, ನೀವೂ ಹತ್ತಿ. ಮೇಲೆ ಬಾಗಿಲು ಗಿಡ್ಡ, ತಲೆ ಸ್ವಲ್ಪ ಬಗ್ಗಿಸಿ.

ದಾರಿ ತೋರಿಸಿದವನು ಅಕ್ಕನ ಮಗ. ಹುಟ್ಟಿ ಬೆಳೆದದ್ದು ಕಾಳಿ ನದಿಯ ಪಕ್ಕದ ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿ. ಕೈಗಾ ಅಣುವಿದ್ಯುತ್ ಸ್ಥಾವರದ ನೌಕರರ ಆ ಬಡಾವಣೆಯಲ್ಲಿ ಒಂದು ಮನೆಯ ಕುಕ್ಕರಿನಿಂದ ಸಾಂಬಾರಿನ ಹಬೆ ಎದ್ದರೆ ಪಕ್ಕದ ಮನೆಯಲ್ಲಿ ಸಾಸಿವೆ ಎಣ್ಣೆಯಲ್ಲಿ ಮೀನು ಚುರುಗುಟ್ಟುತ್ತಿರುತ್ತದೆ, ಅದರಾಚೆ ಯಾರೋ ರೋಟಿ ತಟ್ಟುತ್ತಿರುತ್ತಾರೆ. 2000ನೇ ಇಸವಿಯಲ್ಲಿ ಎರಡು ಘಟಕಗಳಿಂದ ಆರಂಭವಾಗಿ 2011ರ ಹೊತ್ತಿಗೆ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಾಗುವಷ್ಟರಲ್ಲಿ ಇಡೀ ದೇಶದ ಅಡುಗೆಮನೆಗಳೆಲ್ಲ ಆ ಕಾಡಿನೊಳಗೆ ಬಂದು ಕುಳಿತಿದ್ದವು. ಅಲ್ಲಿ ಮನೆಮನೆ ಸುತ್ತಿ ಉಂಡು ಬೆಳೆದ ಹುಡುಗನಿಗೆ ಯಾವ ತಟ್ಟೆಯೂ ಪರಕೀಯವಲ್ಲ.

"ಬೋರ್ಡು ಯಾಕಿಲ್ಲ?" ಎಂದೆ.

"ತಿನ್ನೋರಿಗೆ ಗೊತ್ತಿದೆ ಮಾವ. ಉಳಿದವರ ಕಣ್ಣಿಗೆ ಬೀಳೋದು ಬೇಡ ಅಂತ."

ಒಳಗೆ ಆರೇಳು ಮೇಜು. ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಸು, ಪ್ರತಿ ಮೇಜಿಗೂ ಒಂದು ಜಗ್ಗು ನೀರು, ಒಂದು ಖಾಲಿ ಬೋಗುಣಿ. ಗೋಡೆಯ ಟಿವಿಯಲ್ಲಿ ಯಾವುದೋ ಫುಟ್‌ಬಾಲ್ ಪಂದ್ಯ ನಡೆದಿದೆ. ಅದರ ಸದ್ದು ಕಳೆದು, ಮೂಲೆಯ ಸ್ಪೀಕರಿನಲ್ಲಿ ಲೇಗೋಸಿನ ಹಾಡು ಹಾಕಿದ್ದಾರೆ. ಕೊತ್ತನೂರು, ಕಮ್ಮನಹಳ್ಳಿ, ಹೆಣ್ಣೂರು ಸುತ್ತ ಆಫ್ರಿಕದ ವಿದ್ಯಾರ್ಥಿಗಳು ವರ್ಷಗಳಿಂದ ನೆಲೆಸಿದ್ದಾರೆ. ನರ್ಸಿಂಗು, ಫಾರ್ಮಸಿ, ಕಂಪ್ಯೂಟರು ಓದಲು ಬಂದವರು ಭಾನುವಾರ ಚರ್ಚು ಮುಗಿಸಿ ನೇರ ಇಲ್ಲಿಗೆ ಬರುತ್ತಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹುಡುಗನೊಬ್ಬ ತೋಳು ಮಡಚಿಕೊಂಡು, ಬೋಗುಣಿಯಲ್ಲಿ ಕೈ ತೊಳೆದು, ತಟ್ಟೆಯತ್ತ ಬಾಗುವುದರಲ್ಲೇ ಅವನ ವಾರದ ಹಸಿವೆಲ್ಲ ಕಾಣುತ್ತದೆ.

ಅಡುಗೆಮನೆಗೆ ಬಾಗಿಲಿಲ್ಲ, ಅರ್ಧಕ್ಕೆ ಕಟ್ಟಿದ ಗೋಡೆ ಮಾತ್ರ. ಆಚೆ ದೊಡ್ಡ ಅಲ್ಯುಮಿನಿಯಂ ಪಾತ್ರೆಗಳ ನಡುವೆ ತಲೆಗೆ ಕೆಂಪು ವಸ್ತ್ರ ಬಿಗಿದ ಹೆಂಗಸು ನಿಂತಿದ್ದಾರೆ. ನೈಜೀರಿಯದವರು. ಎಲ್ಲರೂ ಕರೆಯುವುದು ಆಂಟಿ ಎಂದೇ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಮೊಣಕೈ ಉದ್ದದ ಮರದ ಹುಟ್ಟು. ಫೋನಿನಲ್ಲಿ ಅವರ ಭಾಷೆ, ಹುಡುಗರೊಡನೆ ಇಂಗ್ಲಿಷು, ಸಿಲಿಂಡರ್ ತಂದವನೊಡನೆ "ಇಲ್ಲಿ ಇಡು, ನಾಳೆ ಕಾಸು."

ಮೊದಲು ಮೇಜಿಗೆ ಬಂದದ್ದು ಅಕರಾ. ಅಲಸಂದೆ ನೆನೆಸಿ, ಅಂಗೈಯಲ್ಲಿ ತಿಕ್ಕಿ ಸಿಪ್ಪೆ ತೆಗೆದು, ಈರುಳ್ಳಿ, ಮೆಣಸಿನ ಜೊತೆ ರುಬ್ಬಿ, ಗಾಳಿ ತುಂಬುವ ತನಕ ಹಿಟ್ಟನ್ನು ಕಡೆದು, ಕಾದ ಎಣ್ಣೆಗೆ ಚಮಚದಿಂದ ಬಿಡುತ್ತಾರೆ. ಹೊರಗೆ ಕಂದು ಬಣ್ಣದ ತೆಳು ಗರಿ, ಒಳಗೆ ಬೆರಳು ಒತ್ತಿದರೆ ಇಳಿದು ಮತ್ತೆ ಏಳುವ ಮೆದು. ಅಂಕೋಲೆಯ ಸಂತೆಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿಟ್ಟು ಮಾರುವ ಅಲಸಂದೆಯೇ ಇದು. ಈ ಬಳ್ಳಿಯನ್ನು ಕಾಡಿನಿಂದ ಹೊಲಕ್ಕೆ ತಂದವರು ಪಶ್ಚಿಮ ಆಫ್ರಿಕದ ರೈತರು. ಸಜ್ಜೆಯೂ ಹಾಗೆಯೇ. ಸಹಾರಾದ ದಕ್ಷಿಣ ಅಂಚಿನಲ್ಲಿ, ಈಗಿನ ಮಾಲಿ ದೇಶದ ಕಡೆ ಅದರ ಬೇಸಾಯ ಶುರುವಾಗಿ ಸುಮಾರು 4,500 ವರ್ಷ ಆಯಿತು. ನಮ್ಮ ಹಾವೇರಿ ಜಿಲ್ಲೆಯ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆದಾಗ ಸುಮಾರು 3,500 ವರ್ಷ ಹಳೆಯ ಸಜ್ಜೆಯ ಕಾಳು ಕರಕಲಾಗಿ ಸಿಕ್ಕಿದೆ. ಘಟ್ಟದ ಮೇಲಿನವರು ಸಂಕ್ರಾಂತಿಗೆ ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ತಟ್ಟುವಾಗ ಅದು ಯಾವ ಊರಿನ ಕಾಳೆಂದು ಯಾರೂ ಕೇಳಿದ್ದಿಲ್ಲ.

ಪಕ್ಕದ ಮೇಜಿನಲ್ಲಿ ಜಗಳವೊಂದು ಬಿಸಿಯೇರುತ್ತಿತ್ತು. ಜೊಲೊಫ್ ಅನ್ನ ಯಾರದ್ದು ಹೆಚ್ಚು ರುಚಿ ಎಂಬುದು ವಿಷಯ. ಘಾನಾದ ಹುಡುಗಿ ತನ್ನ ಊರಿನ ಪರಿಮಳದ ಅಕ್ಕಿಯ ಪರ ವಾದಿಸಿದರೆ, ನೈಜೀರಿಯದ ಹುಡುಗರಿಬ್ಬರು ಸೌದೆ ಒಲೆಯ ಮೇಲೆ ತಳ ಹಿಡಿದ ಮದುವೆಮನೆ ಜೊಲೊಫಿನ ಹೆಸರೆತ್ತಿ ಮೇಜು ಕುಟ್ಟುತ್ತಿದ್ದರು. ಸೆನೆಗಲ್‌ನವರು ಯಾರೂ ಅಲ್ಲಿರಲಿಲ್ಲ. ಇದ್ದಿದ್ದರೆ ಎರಡೂ ಕಡೆಯವರ ಬಾಯಿ ಮುಚ್ಚುತ್ತಿತ್ತು. ಈ ಅನ್ನದ ಹುಟ್ಟು ಆ ಸೀಮೆಯದು, ಅಲ್ಲಿನ ಮೀನು ಅನ್ನ ಚೆಬು ಜೆನ್ 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ನಮ್ಮ ಮುಂದೆ ಬಂದ ತಟ್ಟೆಯಲ್ಲಿ ಕಾಳು ಕಾಳು ಬಿಡಿಯಾಗಿ ನಿಂತ ಕೆಂಪು ಅನ್ನ, ಪಕ್ಕದಲ್ಲಿ ಹುರಿದ ಕೋಳಿಯ ಕಾಲು, ಅಂಚಿಗೆ ಕರಿದ ನೇಂದ್ರಬಾಳೆಯ ಹೋಳು. ಬಾಳೆಯ ಸಿಹಿ ನಾಲಗೆಗೆ ತಾಗಿದ ಮೇಲೆ ಮೆಣಸು ನಿಧಾನವಾಗಿ ಕಿವಿಯ ಹಿಂದೆ ಏರುತ್ತದೆ.

ಅಕ್ಕಿ ಬಾಯಿಗೆ ಗುರುತು ಸಿಕ್ಕಿತು. ಭತ್ತವನ್ನು ಬೇಯಿಸಿ ಒಣಗಿಸಿ ಆಮೇಲೆ ಗಿರಣಿಗೆ ಹಾಕಿದ ಅಕ್ಕಿ. ಕರಾವಳಿಯ ನಾವು ಗಂಜಿಗೆ ಹಾಕುವ ಕುಚ್ಚಲಕ್ಕಿಯದೇ ಜಾತಿ. ಟೊಮೆಟೊ ರಸದಲ್ಲಿ ಗಂಟೆಗಟ್ಟಲೆ ಕುದ್ದರೂ ಮುದ್ದೆಯಾಗದೆ ನಿಲ್ಲುವುದು ಇದೊಂದೇ ಎನ್ನುತ್ತಾರೆ ಆಂಟಿ. ಆಂಧ್ರದ ಕಾಕಿನಾಡ ಬಂದರಿನಿಂದ ಈ ಅಕ್ಕಿ ಹಡಗು ಹಡಗಾಗಿ ಬೆನಿನ್, ಟೋಗೊ, ಐವರಿ ಕೋಸ್ಟ್ ಕಡೆ ಹೋಗುತ್ತದೆ. ಸೆನೆಗಲ್‌ನವರಿಗೆ ನುಚ್ಚಕ್ಕಿಯೇ ಇಷ್ಟ. 2022ರ ಸೆಪ್ಟೆಂಬರಿನಲ್ಲಿ ಭಾರತ ನುಚ್ಚಕ್ಕಿಯ ರಫ್ತು ನಿಲ್ಲಿಸಿದಾಗ ಅಷ್ಟು ದೂರದ ಒಲೆಗಳಿಗೂ ಅದರ ಚಿಂತೆ ತಟ್ಟಿತು.

ಈಗ ಎಗುಸಿ. ಆಂಟಿಯೇ ಎರಡು ಬಟ್ಟಲು ಹೊತ್ತು ತಂದರು. ಒಂದರಲ್ಲಿ ಎಬಾ: ಮರಗೆಣಸನ್ನು ತುರಿದು, ಹುಳಿ ಬರಿಸಿ, ಹಿಂಡಿ, ಬಾಣಲೆಯಲ್ಲಿ ಹುರಿದಿಟ್ಟ ಗರಿ ಎಂಬ ತರಿಯನ್ನು ಕುದಿನೀರಿಗೆ ಸುರಿದು ಹುಟ್ಟಿನಿಂದ ತಿರುವಿದ ಹಳದಿ ಮುದ್ದೆ. ಗರಿ ಬರುವುದು ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ. ಇನ್ನೊಂದು ಬಟ್ಟಲಿನಲ್ಲಿ ಸಾರು: ಕಲ್ಲಂಗಡಿಯ ದಾಯಾದಿ ಬಳ್ಳಿಯೊಂದರ ಬೀಜ ಪುಡಿ ಮಾಡಿ, ಕೆಂಪು ತಾಳೆಎಣ್ಣೆಯಲ್ಲಿ ಹುರಿದು ಕುದಿಸಿದ್ದು. ಬೀಜ ಅಲ್ಲಲ್ಲಿ ಹರಳುಗಟ್ಟಿ ಮೊಸರಿನ ಗಡ್ಡೆ ಒಡೆದ ಹಾಗೆ ಕಾಣುತ್ತದೆ. ನಡುವೆ ಮೀನಿನ ತುಂಡು, ಮಾಂಸದ ತುಂಡು, ಸೊಪ್ಪು. ಊರಿನಲ್ಲಾದರೆ ಉಗು ಎಂಬ ಬಳ್ಳಿಸೊಪ್ಪು ಬೀಳಬೇಕು. ಇಲ್ಲಿ ಬಾಣಸವಾಡಿ ಮಾರ್ಕೆಟ್ಟಿನ ಪಾಲಕ್ಕೇ ಗತಿ.

ಮೇಲೆ ತೇಲುವ ಎಣ್ಣೆಯ ಬಣ್ಣ ನೋಡಿ. ತಾಳೆಎಣ್ಣೆಯ ಮರ ಪಶ್ಚಿಮ ಆಫ್ರಿಕದ್ದು. ಅದು ಮಲೇಷ್ಯ, ಇಂಡೊನೇಷ್ಯಗಳ ತೋಟ ಸೇರಿ, ಬಣ್ಣ, ವಾಸನೆ ಎರಡನ್ನೂ ಕಳಕೊಂಡು ಪಾಮೋಲಿನ್ ಆಗಿ ನಮ್ಮ ರೇಷನ್ ಅಂಗಡಿಗೆ ಬಂತು, ಭಜಿಯ ಬಾಣಲೆಗಿಳಿಯಿತು. ಬಣ್ಣ ತೆಗೆಯದ ಎಣ್ಣೆಗೆ ಕ್ಯಾರೆಟ್ಟಿನ ಹತ್ತಿರದ ಒಂದು ಸಿಹಿವಾಸನೆ ಇದೆ. ಸಾರಿನ ಅರ್ಧ ರುಚಿ ಅಲ್ಲೇ ಇದೆ.

"ಚಮಚ ಕೇಳಬೇಡಿ ಮಾವ. ಮುದ್ದೆ ಉಂಡ ಹಾಗೇ."

ಬಲಗೈ ಬೆರಳಿನಿಂದ ಎಬಾ ಮುರಿದು, ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಗುಳಿ ಮಾಡಿ, ಸಾರು ತುಂಬಿ, ನುಂಗಬೇಕು. ಅಗಿಯುವಂತಿಲ್ಲ. ಕರಾವಳಿಯವರಿಗೆ ಇದು ಬೆಂಗಳೂರು ಕಲಿಸಿದ ವಿದ್ಯೆ. ಮಂಡ್ಯದವರನ್ನು ಕರೆತಂದಿದ್ದರೆ ಪಾಠವೇ ಬೇಡವಾಗಿತ್ತು. ರಾಗಿಗಿಂತ ಎಬಾ ಹುಳಿ, ಅಂಟು ಹೆಚ್ಚು. ಗಂಟಲಿನಲ್ಲಿ ಜಾರುವಾಗ ಮಾತ್ರ ಎರಡಕ್ಕೂ ಒಂದೇ ಗತ್ತು. ನಾಲ್ಕನೆಯ ತುತ್ತಿಗೆ ಕೈ ಲಯಕ್ಕೆ ಬಂತು. ಆಂಟಿ ಗೋಡೆಯಾಚೆಯಿಂದ ನೋಡಿ, "ಬೇಕಾ? ಸ್ವಲ್ಪ?" ಎಂದು ಹುಟ್ಟು ಎತ್ತಿ ತೋರಿಸಿದರು.

ಇಷ್ಟು ಉಣ್ಣುವಾಗ ಕಾರವಾರದವನ ಮನಸ್ಸು ಕಡಲಿಗೆ ಹೋಗದೆ ಇರದು. ಮರಗೆಣಸು, ಮೆಣಸಿನಕಾಯಿ, ಟೊಮೆಟೊ ಮೂರೂ ಅಮೆರಿಕ ಖಂಡದವು. ಅವು ಆಫ್ರಿಕಕ್ಕೆ ಬಂದದ್ದೂ, ಮೆಣಸಿನಕಾಯಿ ನಮ್ಮ ಮೀನುಸಾರಿಗೆ ಬಂದದ್ದೂ ಪೋರ್ಚುಗೀಸರು ತೆರೆದ ಜಲಮಾರ್ಗದಲ್ಲಿ. 1482ರಲ್ಲಿ ಅವರು ಈಗಿನ ಘಾನಾದ ಎಲ್ಮಿನಾದಲ್ಲಿ ಕೋಟೆ ಕಟ್ಟಿದರು. 1498ರಲ್ಲಿ ವಾಸ್ಕೊ ಡ ಗಾಮ ಕಾರವಾರದ ಎದುರಿನ ಅಂಜುದೀವಿನಲ್ಲಿ ಲಂಗರು ಹಾಕಿದ. 1505ರಲ್ಲಿ ಅಲ್ಲೂ ಕೋಟೆ ಎದ್ದಿತು. ಆ ದ್ವೀಪ ಈಗ ನಮ್ಮ ನೌಕಾಪಡೆಯ ವಶದಲ್ಲಿದೆ. ಪೋರ್ಚುಗೀಸರೇ ಬ್ರೆಜಿಲಿನಿಂದ ತಂದ ಗೇರುಮರ ನಮ್ಮ ಗುಡ್ಡಗಳಲ್ಲಿ ಬೇರುಬಿಟ್ಟಿತು, ಆಫ್ರಿಕದಲ್ಲೂ ಬೆಳೆಯಿತು. ಹಸಿ ಗೇರುಬೀಜದ ಬೆಳೆಯಲ್ಲಿ ಇಂದು ಐವರಿ ಕೋಸ್ಟ್ ಜಗತ್ತಿಗೇ ಮುಂದು. ಕರಾವಳಿಯ ಕಾರ್ಖಾನೆಗಳಲ್ಲಿ ಹೆಂಗಸರು ಒಡೆಯುವ ಬೀಜದ ದೊಡ್ಡ ಪಾಲು ಅಲ್ಲಿಂದ, ಬೆನಿನ್‌ನಿಂದ, ಗಿನಿ-ಬಿಸಾವ್‌ನಿಂದ ಹಡಗೇರಿ ಬರುತ್ತದೆ.

ಅಂದಿನ ಪೋರ್ಚುಗೀಸ್ ಹಡಗುಗಳು ಮನುಷ್ಯರನ್ನೂ ಸಾಗಿಸಿದವು. ನಮ್ಮ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿರುವ ಸಿದ್ದಿಗಳ ಹಿರಿಯರು ಆಫ್ರಿಕದ ಪೂರ್ವದ ಕಡೆಯವರು. ಬಹಳ ಮಂದಿ ಗುಲಾಮರಾಗಿ ಗೋವೆಗೆ ಬಂದಿಳಿದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರು. ತಲೆಮಾರುಗಳಿಂದ ಕನ್ನಡ, ಕೊಂಕಣಿ ಆಡಿಕೊಂಡು ಬಂದ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಬೆಂಗಳೂರಿಗೆ ಬಂದ ಸಿದ್ದಿ ಹುಡುಗರನ್ನು ಇಂದಿಗೂ "ಯಾವ ದೇಶ?" ಎಂದು ಕೇಳುವವರಿದ್ದಾರೆ. ಈ ಮಹಡಿಯ ಹುಡುಗರಿಗೆ ಬಾಡಿಗೆ ಮನೆ ಸಿಗುವುದು ಸುಲಭವಿಲ್ಲ. 2016ರಲ್ಲಿ ಸೋಲದೇವನಹಳ್ಳಿಯ ಬಳಿ ತಾಂಜಾನಿಯದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಎರಗಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಕಾಳು, ಬೀಜ, ಎಣ್ಣೆ ಬಂದಾಗ ಬಾಗಿಲು ತೆರೆದ ಊರು, ಅವುಗಳನ್ನು ಬೆಳೆದ ನೆಲದವರು ಬಂದರೆ ಬೋರ್ಡಿಲ್ಲದ ಮೆಟ್ಟಿಲು ಹುಡುಕುವ ಹಾಗೆ ಮಾಡುತ್ತದೆ.

ಊಟ ಮುಗಿಯುವ ಹೊತ್ತಿಗೆ ಆಂಟಿ ನಮ್ಮ ಮೇಜಿನ ಬಳಿ ಬಂದು ಮೂಗು ಅರಳಿಸಿದರು. ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ನಾನು ತಂದ ಕೈಚೀಲ ಕುರ್ಚಿಯ ಕೆಳಗಿತ್ತು. ಮೇಲೆ ಅಂಕೋಲೆಯ ಕರಿ ಇಶಾಡ ಮಾವು, 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದದ್ದು; ಅಡಿಯಲ್ಲಿ ಪೇಪರಿನಲ್ಲಿ ಸುತ್ತಿದ ಒಣ ಸಿಗಡಿ, ನಮ್ಮ ಬಾಯಲ್ಲಿ ಒಣ ಶೆಟ್ಲಿ, ಕಮ್ಮನಹಳ್ಳಿಯ ನೆಂಟರ ಮನೆಗೆಂದು ತಂದದ್ದು. ಮಾವಿನ ಅಷ್ಟು ಪರಿಮಳ ದಾಟಿಯೂ ಅವರಿಗೆ ತಾಗಿದ್ದು ಶೆಟ್ಲಿ. ಪೊಟ್ಟಣ ಬಿಚ್ಚಿಸಿ, ಒಂದು ಹಿಡಿ ಎತ್ತಿ, ಅಂಗೈಯಲ್ಲಿ ಪುಡಿಗುಟ್ಟಿ ಮೂಸಿದರು. ಅವರ ಊರಿನಲ್ಲಿ ಸಣ್ಣ ಸಿಗಡಿಯನ್ನು ಒಣಗಿಸಿ ಕುಟ್ಟಿದ ಪುಡಿ ಬೀಳದೆ ಎಗುಸಿ ಇಳಿಯುವುದೇ ಇಲ್ಲವಂತೆ. ಸೂಟ್‌ಕೇಸಿನಲ್ಲಿ ಬಂದದ್ದು ತಿಂಗಳೊಳಗೆ ಮುಗಿಯುತ್ತದೆ, ಆಮೇಲೆ ಸಾರಿಗೆ ಏನೋ ಕೊರತೆ. ಇದು ಎಲ್ಲಿ ಸಿಗುತ್ತದೆ, ಕಿಲೋಗೆ ಎಷ್ಟು, ಎಷ್ಟು ದಿನ ಇಡಬಹುದು ಎಂದು ಒಂದೇ ಉಸಿರಿನಲ್ಲಿ ಕೇಳಿದರು.

ಆಗ ಮೇ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಳೆಗಾಲಕ್ಕೆ ಬೇಕಾದ ಒಣಮೀನೆಲ್ಲ ಅಷ್ಟರೊಳಗೆ ಮರಳ ಮೇಲೆ ಒಣಗಿ ಮನೆ ಸೇರಬೇಕು. ಅಳಿಯ ಕೈ ತೊಳೆದವನೇ ಮಲ್ಲಾಪುರಕ್ಕೆ ಫೋನು ಹಚ್ಚಿದ.

"ಅಮ್ಮ, ಮಳೆ ಹಿಡಿಯೋದರೊಳಗೆ ಐದು ಕಿಲೋ ಒಣ ಶೆಟ್ಲಿ ಬೇಕು. ಸಣ್ಣದು."

"ಐದು ಕಿಲೋ? ಯಾರಿಗೋ?"

"ಇಲ್ಲೊಂದು ಹೋಟೆಲಿಗೆ. ಆಂಟಿ ಒಬ್ರು ನಡೆಸ್ತಾರೆ. ದಿನಾ ಸಾರಿಗೆ ಹಾಕ್ತಾರೆ."

ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರಬೇಕು, ಸ್ವಲ್ಪ ಹೊತ್ತು ಮಾತಿಲ್ಲ. "ಬೈತಖೋಲ ಬಂದರಿನಲ್ಲಿ ಕೇಳ್ತೇನೆ. ದುಡ್ಡು ಮೊದಲೇ ಹಾಕಲಿಕ್ಕೆ ಹೇಳು. ಮತ್ತೆ ತಲೆ ಮುರಿದು ಕೊಡಬೇಕೋ, ಹಾಗೇ ಬೇಕೋ, ಸರಿಯಾಗಿ ಕೇಳು."

ಅಳಿಯ ಇಂಗ್ಲಿಷಿನಲ್ಲಿ ಕೇಳಿದ. ತಲೆ ಇರಲೇಬೇಕು, ರುಚಿಯೆಲ್ಲ ಅದರಲ್ಲೇ ಎಂದರು ಆಂಟಿ.

"ಹಾಂ," ಎಂದಳು ಅಕ್ಕ, "ಅಡುಗೆ ಬಲ್ಲವರು. ಒಳ್ಳೇದನ್ನೇ ಆರಿಸಿ ಕಳಿಸ್ತೇನೆ."