ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ

ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮವು ಮಧ್ಯಪ್ರದೇಶದ ಗ್ರಾಮೀಣ ಶಾಲೆಗಳಲ್ಲಿ 1972ರಿಂದ 2002ರವರೆಗೆ ನಡೆದ, ಪ್ರಯೋಗ ಮತ್ತು ಪರಿಸರ ವೀಕ್ಷಣೆಯನ್ನು ಆಧರಿಸಿದ ವಿಜ್ಞಾನ ಶಿಕ್ಷಣದ ಯೋಜನೆ. ಇದು 6ರಿಂದ 8ನೆಯ ತರಗತಿಯ ಮಕ್ಕಳಿಗಾಗಿ ರೂಪುಗೊಂಡಿತು. ಈ ತರಗತಿಗಳನ್ನು ಅಲ್ಲಿ ಮಿಡ್ಲ್ ಸ್ಕೂಲ್ ಎನ್ನುತ್ತಾರೆ. ಕರ್ನಾಟಕದ ಹಿರಿಯ ಪ್ರಾಥಮಿಕ ಹಂತಕ್ಕೆ ಇದನ್ನು ಹೋಲಿಸಬಹುದು. ಹೋಶಂಗಾಬಾದ್ ಜಿಲ್ಲೆಯ (ಇಂದಿನ ನರ್ಮದಾಪುರಂ) 16 ಶಾಲೆಗಳಲ್ಲಿ ಆರಂಭವಾದ ಈ ಕಾರ್ಯಕ್ರಮವು ಮುಕ್ತಾಯದ ವೇಳೆಗೆ ರಾಜ್ಯದ 15 ಜಿಲ್ಲೆಗಳ ಸುಮಾರು ಸಾವಿರ ಶಾಲೆಗಳಿಗೆ ಹರಡಿತ್ತು. ಸಾಮಾನ್ಯ ಶಾಲಾ ಶಿಕ್ಷಕರಿಗೆ, ಅದರಲ್ಲೂ ವಿಜ್ಞಾನವನ್ನು ಹೆಚ್ಚು ಓದದ ಶಿಕ್ಷಕರಿಗೆ, ಪ್ರಯೋಗ ಮಾಡಿಸುವ ಧೈರ್ಯವನ್ನು ತುಂಬಿದ ರೀತಿಗಾಗಿ ಇದು ಭಾರತದ ಶಿಕ್ಷಣ ಇತಿಹಾಸದಲ್ಲಿ ಗಮನಾರ್ಹವಾಗಿದೆ.

ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತ ಈ ನಾಲ್ಕನ್ನೂ ಒಟ್ಟಾಗಿ ಸೂಚಿಸುವ ‘ಸ್ಟೆಮ್’ ಎಂಬ ಪದವು ಅಮೆರಿಕದಲ್ಲಿ ಬಳಕೆಗೆ ಬಂದದ್ದು 2000ದ ದಶಕದ ಆರಂಭದಲ್ಲಿ. ಆ ಹೆಸರು ಹುಟ್ಟುವ ಎಷ್ಟೋ ವರ್ಷಗಳ ಮೊದಲೇ ಹೋಶಂಗಾಬಾದಿನ ಹಳ್ಳಿಗಳಲ್ಲಿ ಮಕ್ಕಳು ಅಳತೆ ಮಾಡುತ್ತ, ಕೋಷ್ಟಕ ಬರೆಯುತ್ತ, ಉಪಕರಣಗಳನ್ನು ತಾವೇ ಕಟ್ಟುತ್ತ ವಿಜ್ಞಾನ ಕಲಿಯುತ್ತಿದ್ದರು.

ಹಿನ್ನೆಲೆ

1970ರ ದಶಕದ ಆರಂಭದಲ್ಲಿ ಹಳ್ಳಿಯ ಶಾಲೆಗಳಲ್ಲಿ ವಿಜ್ಞಾನವೆಂದರೆ ಗಟ್ಟಿಯಾಗಿ ಓದಿಸಿ, ಬಾಯಿಪಾಠ ಮಾಡಿಸಿ, ಪರೀಕ್ಷೆಯಲ್ಲಿ ಬರೆಯಿಸುವ ವಿಷಯವಾಗಿತ್ತು. ಪ್ರಯೋಗದ ಚಿತ್ರ ಪುಸ್ತಕದಲ್ಲಿ ಇರುತ್ತಿತ್ತು, ಪ್ರಯೋಗ ಇರುತ್ತಿರಲಿಲ್ಲ. ಬೀಜ ಮೊಳೆಯುವುದನ್ನು ಹೊಲದಲ್ಲಿ ಪ್ರತಿ ವರ್ಷ ಕಾಣುವ ರೈತನ ಮಗನೂ ಮೊಳಕೆಯೊಡೆಯುವಿಕೆಯ ವ್ಯಾಖ್ಯೆಯನ್ನು ಉರುಹೊಡೆಯಬೇಕಾಗಿತ್ತು.

ಈ ಸ್ಥಿತಿಯನ್ನು ಬದಲಿಸಲು ಎರಡು ಸ್ವಯಂಸೇವಾ ಸಂಸ್ಥೆಗಳು ಮುಂದಾದವು. ಮೊದಲನೆಯದು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಜೀವವಿಜ್ಞಾನಿಯಾಗಿದ್ದು ಆ ಕೆಲಸವನ್ನು ಬಿಟ್ಟು ಹಳ್ಳಿಗೆ ಬಂದ ಅನಿಲ್ ಸದ್ಗೋಪಾಲ್ ಸ್ಥಾಪಿಸಿದ ಕಿಶೋರ್ ಭಾರತಿ. ಎರಡನೆಯದು, ಕ್ವೇಕರ್ ಪಂಥದವರ ಸೇವಾಕಾರ್ಯದಿಂದ ಬೆಳೆದ, ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್. ಸರ್ಕಾರಿ ವ್ಯವಸ್ಥೆಯ ಹೊರಗೆ ಒಂದು ಮಾದರಿ ಶಾಲೆ ಕಟ್ಟಿ ತೋರಿಸುವುದು ಸುಲಭವಾಗಿತ್ತು. ಅದಕ್ಕೆ ಬದಲಾಗಿ ಇರುವ ಶಾಲೆಗಳಲ್ಲೇ, ಇರುವ ಶಿಕ್ಷಕರ ಮೂಲಕವೇ ಕೆಲಸ ಮಾಡಲು ಅವು ರಾಜ್ಯ ಸರ್ಕಾರದ ಅನುಮತಿ ಪಡೆದವು. ಕಾರ್ಯಕ್ರಮದ ಮುಂದಿನ ಎಲ್ಲ ಸಾಧನೆಗೂ ಎಲ್ಲ ತೊಡಕಿಗೂ ಈ ನಿರ್ಧಾರವೇ ಮೂಲವೆನ್ನಬಹುದು.

ಟಾಟಾ ಸಂಸ್ಥೆಯ ವಿಜ್ಞಾನಿಗಳು, ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಮತ್ತು ಮಧ್ಯಪ್ರದೇಶದ ಕಾಲೇಜುಗಳ ಉಪನ್ಯಾಸಕರು ಇದಕ್ಕೆ ನೆರವಾದರು. 1978ರಲ್ಲಿ ಕಾರ್ಯಕ್ರಮವು ಜಿಲ್ಲೆಯ ಎಲ್ಲ ಮಿಡ್ಲ್ ಸ್ಕೂಲುಗಳಿಗೆ ವಿಸ್ತರಿಸಿತು. 1982ರಲ್ಲಿ ಏಕಲವ್ಯ ಎಂಬ ಸಂಸ್ಥೆ ಸ್ಥಾಪನೆಯಾಗಿ ಇದರ ಹೊಣೆಯನ್ನು ವಹಿಸಿಕೊಂಡಿತು.

ಬಾಲ್ ವೈಜ್ಞಾನಿಕ್

ಕಾರ್ಯಕ್ರಮದ ಪುಸ್ತಕಗಳ ಹೆಸರು ‘ಬಾಲ್ ವೈಜ್ಞಾನಿಕ್’. ಮೂರು ತರಗತಿಗಳಿಗೆ ಮೂರು ಪುಸ್ತಕಗಳಿದ್ದವು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಪ್ರಕಟಿಸುವ ‘ಬಾಲ ವಿಜ್ಞಾನ’ ಮಾಸಪತ್ರಿಕೆಗೂ ಇದಕ್ಕೂ ಸಂಬಂಧವಿಲ್ಲ. ಹೆಸರಿನ ಹೋಲಿಕೆ ಮಾತ್ರ. ಹೋಶಂಗಾಬಾದಿನ ಪುಸ್ತಕಗಳಲ್ಲಿ ವ್ಯಾಖ್ಯೆಗಳು ಬಹಳ ಕಡಿಮೆ. ಏನು ಮಾಡಬೇಕು, ಏನನ್ನು ನೋಡಬೇಕು ಎಂಬ ಸೂಚನೆಗಳೂ ಅವುಗಳ ನಡುನಡುವೆ ಪ್ರಶ್ನೆಗಳೂ ಇರುತ್ತಿದ್ದವು. ಉತ್ತರವನ್ನು ಪುಸ್ತಕ ಹೇಳುತ್ತಿರಲಿಲ್ಲ. ಮಕ್ಕಳು ನಾಲ್ವರ ಗುಂಪಾಗಿ ಕುಳಿತು ಪ್ರಯೋಗ ಮಾಡಿ, ಚರ್ಚಿಸಿ, ತಮ್ಮ ಮಾತಿನಲ್ಲಿ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಬೇಕಾಗಿತ್ತು. ಹೀಗಾಗಿ ವರ್ಷದ ಕೊನೆಗೆ ಪ್ರತಿ ಮಗುವಿನ ಬಳಿಯೂ ತಾನೇ ಬರೆದ ಇನ್ನೊಂದು ಪಠ್ಯಪುಸ್ತಕ ಸಿದ್ಧವಾಗಿರುತ್ತಿತ್ತು.

ಗಣಿತವು ಇಲ್ಲಿ ವಿಜ್ಞಾನದ ಒಳಗೇ ಬರುತ್ತಿತ್ತು. ಒಂದೇ ಉದ್ದವನ್ನು ಹಲವು ಮಕ್ಕಳು ಅಳೆದರೆ ಅಳತೆಗಳು ಒಂದಿಷ್ಟು ಹೆಚ್ಚುಕಡಿಮೆಯಾಗುತ್ತವೆ. ಸಾಮಾನ್ಯ ತರಗತಿಯಲ್ಲಿ ಇದನ್ನು ತಪ್ಪೆಂದು ಕೆಂಪು ಗೆರೆ ಎಳೆಯುತ್ತಾರೆ. ಬಾಲ್ ವೈಜ್ಞಾನಿಕ್ ಈ ವ್ಯತ್ಯಾಸವನ್ನೇ ಪಾಠವಾಗಿಸಿತು: ವ್ಯತ್ಯಾಸ ಏಕೆ ಬರುತ್ತದೆ, ಎಷ್ಟರವರೆಗೆ ಒಪ್ಪಬಹುದು, ಸರಾಸರಿಯಿಂದ ಏನು ತಿಳಿಯುತ್ತದೆ ಎಂದು ಮಕ್ಕಳೇ ವಿಚಾರಿಸಬೇಕಾಗಿತ್ತು. ಆಕಸ್ಮಿಕ ಮತ್ತು ಸಂಭವನೀಯತೆಯನ್ನು ಕುರಿತ ಅಧ್ಯಾಯದಲ್ಲಿ ಮಕ್ಕಳು ನಾಣ್ಯವನ್ನು ಮತ್ತೆ ಮತ್ತೆ ಚಿಮ್ಮಿ ಫಲಿತಾಂಶಗಳನ್ನು ದಾಖಲಿಸುತ್ತಿದ್ದರು. ಆ ವಯಸ್ಸಿನ ಮಕ್ಕಳಿಗೆ ಸಂಭವನೀಯತೆಯನ್ನು ಸೂತ್ರವಿಲ್ಲದೆ, ಕೈಯಿಂದ ಕಲಿಸಿದ್ದು ಅಂದಿಗೆ ಸಾಮಾನ್ಯ ಸಂಗತಿಯಾಗಿರಲಿಲ್ಲ.

ಉಪಕರಣಗಳು

ಪ್ರತಿ ಶಾಲೆಗೂ ಒಂದು ಕಿಟ್ ಕೊಡಲಾಗುತ್ತಿತ್ತು. ಅದರಲ್ಲಿ ಇಲ್ಲದ್ದನ್ನು ಊರಿನಿಂದ ತರಬೇಕಾಗಿತ್ತು. ಹೂವನ್ನು ಬಿಡಿಸಿ ನೋಡಲು ಸೂಜಿಯ ಬದಲು ಜಾಲಿ ಮುಳ್ಳು ಸಾಕಾಯಿತು. ಎಲೆ, ಕಲ್ಲು, ಮಣ್ಣು, ಕೀಟಗಳನ್ನು ಮಕ್ಕಳೇ ತಂದರು. ಅವುಗಳನ್ನು ಹುಡುಕಲು ಶಾಲೆಯ ಹೊರಗೆ ಹೋಗುವುದೂ ಪಾಠದ ಭಾಗವಾಗಿತ್ತು.

ಈ ದಿಕ್ಕಿನಲ್ಲಿ ಪ್ರಸಿದ್ಧವಾದ ಹೆಸರು ಅರವಿಂದ ಗುಪ್ತಾ ಅವರದು. ಕಾನ್ಪುರದ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿ ಟೆಲ್ಕೊ ಕಂಪನಿಯಲ್ಲಿದ್ದ ಅವರು 1978ರಲ್ಲಿ ಒಂದು ವರ್ಷದ ರಜೆ ಪಡೆದು ಹೋಶಂಗಾಬಾದಿಗೆ ಬಂದರು. ಹಳ್ಳಿಯ ಸಂತೆಯಲ್ಲಿ ಅಗ್ಗವಾಗಿ ದೊರೆಯುವ ವಸ್ತುಗಳನ್ನು ನೋಡುತ್ತ, ಸೈಕಲ್ಲಿನ ವಾಲ್ವ್ ಟ್ಯೂಬಿನ ಚಿಕ್ಕ ತುಂಡುಗಳಿಂದ ಬೆಂಕಿಕಡ್ಡಿಗಳನ್ನು ಜೋಡಿಸುವ ವಿಧಾನವನ್ನು ರೂಪಿಸಿದರು. ಮೂರು ಕಡ್ಡಿಗಳನ್ನು ಜೋಡಿಸಿದರೆ ಬಾಗದ ತ್ರಿಕೋನ ಬರುತ್ತದೆ. ನಾಲ್ಕನ್ನು ಜೋಡಿಸಿದರೆ ಬರುವ ಚೌಕವು ಒತ್ತಿದೊಡನೆ ವಾಲುತ್ತದೆ. ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಸೇರಿಸಿದರೆ ಗಟ್ಟಿಯಾಗುತ್ತದೆ. ಸೇತುವೆಗಳ ಕಬ್ಬಿಣದ ಚೌಕಟ್ಟಿನಲ್ಲೂ ಮನೆಯ ಮಾಡಿನ ಮರದ ಕಟ್ಟಿನಲ್ಲೂ ತ್ರಿಕೋನಗಳೇ ಏಕೆ ಕಾಣುತ್ತವೆ ಎಂಬುದು ಆಗ ಮಗುವಿಗೆ ಹೇಳದೆಯೇ ತಿಳಿಯುತ್ತದೆ. ಇಂದು ಸ್ಟೆಮ್ ತರಗತಿಗಳಲ್ಲಿ ಎಂಜಿನಿಯರಿಂಗ್ ಎಂದು ಬೇರೆಯಾಗಿ ಕಲಿಸುವ ಅಂಶ ಇಲ್ಲಿ ಕೆಲವೇ ಪೈಸೆಗಳ ಖರ್ಚಿನಲ್ಲಿ ಒದಗಿತು. ಮುಂದೆ ಗುಪ್ತಾ ಅವರ ಪುಸ್ತಕಗಳೂ ಕಿರುಚಿತ್ರಗಳೂ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಿಗೆ ಬಂದವು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಶಿಕ್ಷಕರಿಗೆ ಒದಗಿದ ಬೆಂಬಲ

ಕಿಟ್ ಕೊಟ್ಟ ಮಾತ್ರಕ್ಕೆ ಪ್ರಯೋಗಗಳು ನಡೆಯುವುದಿಲ್ಲ. ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಧೂಳು ಹಿಡಿಯುವ ಪ್ರಯೋಗ ಪೆಟ್ಟಿಗೆಗಳು ದೇಶದ ಶಾಲೆಗಳಿಗೆ ಹೊಸತಲ್ಲ. ಪೆಟ್ಟಿಗೆ ತೆರೆಯಲು ಶಿಕ್ಷಕರು ಹಿಂಜರಿಯುವುದಕ್ಕೆ ಸೋಮಾರಿತನವನ್ನು ಕಾರಣವಾಗಿ ಹೇಳುವುದು ರೂಢಿ. ಆದರೆ ನಿಜವಾದ ಅಂಜಿಕೆಗಳು ಬೇರೆ: ಪ್ರಯೋಗ ಕೈಕೊಟ್ಟರೆ ಹೇಗೆ, ಮಗು ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ ಹೇಗೆ, ಗಾಜು ಒಡೆದರೆ ಲೆಕ್ಕ ಕೊಡುವವರು ಯಾರು, ತರಗತಿಯಲ್ಲಿ ಗದ್ದಲವಾದರೆ ಮೇಲಧಿಕಾರಿ ಏನೆಂದಾರು? ಹೋಶಂಗಾಬಾದಿನ ಅನೇಕ ಶಿಕ್ಷಕರು ಕಾಲೇಜಿನಲ್ಲಿ ವಿಜ್ಞಾನ ಓದಿದವರಾಗಿರಲಿಲ್ಲ. ಕಾರ್ಯಕ್ರಮವನ್ನು ರೂಪಿಸಿದವರು ಈ ಅಂಜಿಕೆಗಳನ್ನು ಗಂಭೀರವಾಗಿ ಪರಿಗಣಿಸಿದರು.

ಶಿಕ್ಷಕರಿಗೆ ಬೇಸಿಗೆ ರಜೆಯಲ್ಲಿ ಸುಮಾರು ಮೂರು ವಾರಗಳ ತರಬೇತಿ ನಡೆಯುತ್ತಿತ್ತು. ತರಗತಿಗೊಂದರಂತೆ ಮೂರು ವರ್ಷ ಇದು ಮುಂದುವರಿಯುತ್ತಿತ್ತು. ಅಲ್ಲಿ ಬೋಧನಾ ವಿಧಾನಗಳ ಮೇಲೆ ಉಪನ್ಯಾಸ ಕೇಳಿ ಟಿಪ್ಪಣಿ ಬರೆದುಕೊಳ್ಳುವ ಕ್ರಮವಿರಲಿಲ್ಲ. ಶಿಕ್ಷಕರು ಮಕ್ಕಳಂತೆಯೇ ಗುಂಪುಗಳಲ್ಲಿ ಕುಳಿತು, ಮಕ್ಕಳ ಪುಸ್ತಕವನ್ನೇ ಹಿಡಿದು, ಅದೇ ಪ್ರಯೋಗಗಳನ್ನು ಮಾಡುತ್ತಿದ್ದರು. ಪ್ರಯೋಗವೊಂದು ತಮ್ಮ ಕೈಯಲ್ಲಿ ಒಮ್ಮೆ ಕೆಟ್ಟು, ಏಕೆ ಕೆಟ್ಟಿತೆಂದು ತಿಳಿದು, ಮತ್ತೊಮ್ಮೆ ಸರಿಹೋದರೆ, ತರಗತಿಯಲ್ಲಿ ಅದು ಕೆಟ್ಟಾಗ ಗಾಬರಿಯಾಗುವುದಿಲ್ಲ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಹಳ್ಳಿಯ ಶಿಕ್ಷಕರೂ ಒಂದೇ ನೆಲದ ಮೇಲೆ ಕುಳಿತು ವಾದಿಸುತ್ತಿದ್ದುದು ಈ ಶಿಬಿರಗಳ ವಿಶೇಷ. ಕರಡು ಅಧ್ಯಾಯಗಳನ್ನು ಶಿಕ್ಷಕರ ಮುಂದೆ ಇಟ್ಟು, ಅವರ ಅಭಿಪ್ರಾಯದಂತೆ ತಿದ್ದಲಾಗುತ್ತಿತ್ತು. ತರಬೇತಿ ಪಡೆದ ಶಿಕ್ಷಕರಲ್ಲಿ ಕೆಲವರು ಮುಂದೆ ಉಳಿದವರಿಗೆ ತರಬೇತಿ ಕೊಡುವ ಸಂಪನ್ಮೂಲ ಶಿಕ್ಷಕರಾದರು.

ಶಿಬಿರ ಮುಗಿದ ಮೇಲೆ ಶಿಕ್ಷಕರು ಒಂಟಿಯಾಗುತ್ತಿರಲಿಲ್ಲ. ಹಲವು ಶಾಲೆಗಳಿಗೆ ಒಂದರಂತೆ ‘ಸಂಗಮ ಕೇಂದ್ರ’ಗಳಿದ್ದವು. ಅಲ್ಲಿ ತಿಂಗಳಿಗೊಮ್ಮೆ ಶಿಕ್ಷಕರು ಸೇರಿ ಆ ತಿಂಗಳ ಪಾಠಗಳ ತೊಡಕುಗಳನ್ನು ಚರ್ಚಿಸಿ, ಮುಂದಿನ ಪ್ರಯೋಗಗಳನ್ನು ಮಾಡಿ ನೋಡುತ್ತಿದ್ದರು. ಈ ಸಭೆಗೆ ಬರುವುದನ್ನು ಇಲಾಖೆ ಕರ್ತವ್ಯವೆಂದೇ ಪರಿಗಣಿಸಿ ಪ್ರಯಾಣ ಭತ್ಯೆ ಕೊಡುತ್ತಿತ್ತು. ಇದು ಸಣ್ಣ ಸಂಗತಿಯೆಂದು ಕಾಣಬಹುದು. ಶಾಲೆಯ ಕೆಲಸವನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಇದರ ಜೊತೆಗೆ ಅನುಭವಿಗಳು ಶಾಲೆಗಳಿಗೆ ಭೇಟಿ ಕೊಡುತ್ತಿದ್ದರು. ತಪಾಸಣೆಯ ಅಧಿಕಾರವಿಲ್ಲದ ಅವರು ತರಗತಿಯಲ್ಲಿ ಕುಳಿತು, ಬೇಕಾದರೆ ಪ್ರಯೋಗಕ್ಕೆ ಕೈಜೋಡಿಸಿ, ಕಂಡದ್ದನ್ನು ಮುಂದಿನ ಸಭೆಯಲ್ಲಿ ಹೇಳುತ್ತಿದ್ದರು. ‘ಹೋಶಂಗಾಬಾದ್ ವಿಜ್ಞಾನ್’ ಎಂಬ ಪತ್ರಿಕೆಯೂ ಶಿಕ್ಷಕರ ನಡುವಿನ ಸಂಪರ್ಕಕ್ಕೆ ನೆರವಾಯಿತು.

ಸವಾಲಿರಾಮ್

ಪ್ರಶ್ನೆ ಕೇಳಲು ಮಕ್ಕಳಿಗೆ ಅವಕಾಶ ಕೊಟ್ಟರೆ ಶಿಕ್ಷಕರಿಗೆ ತಿಳಿಯದ ಪ್ರಶ್ನೆಗಳು ಬಂದೇ ಬರುತ್ತವೆ. “ನನಗೆ ಗೊತ್ತಿಲ್ಲ, ಕೇಳಿ ತಿಳಿಯೋಣ” ಎನ್ನುವುದು ಶಿಕ್ಷಕರಿಗೆ ಅವಮಾನವಲ್ಲ ಎಂಬುದನ್ನು ಕಾರ್ಯಕ್ರಮವು ಒಪ್ಪಿಕೊಂಡು, ಅದಕ್ಕೆ ಒಂದು ದಾರಿಯನ್ನೂ ಮಾಡಿಕೊಟ್ಟಿತು. ಸವಾಲಿರಾಮ್ ಎಂಬ ಕಾಲ್ಪನಿಕ ವ್ಯಕ್ತಿಯನ್ನು ಸೃಷ್ಟಿಸಲಾಯಿತು. ಹಿಂದಿಯಲ್ಲಿ ಸವಾಲ್ ಎಂದರೆ ಪ್ರಶ್ನೆ. ಮಕ್ಕಳು ಸವಾಲಿರಾಮನಿಗೆ ಕಾಗದ ಬರೆದು ಮನಸ್ಸಿಗೆ ಬಂದ ಪ್ರಶ್ನೆಯನ್ನು ಕೇಳಬಹುದಾಗಿತ್ತು. ಉತ್ತರ ಅಂಚೆಯಲ್ಲಿ ಬರುತ್ತಿತ್ತು. ಹಳ್ಳಿಯ ಮಗುವೊಂದರ ಹೆಸರಿಗೆ ಕಾಗದ ಬರುವುದೇ ಆ ಕಾಲಕ್ಕೆ ಒಂದು ಸಂಭ್ರಮ.

ಪರೀಕ್ಷೆ

ಬೋಧನೆಯನ್ನು ಬದಲಿಸಿ ಪರೀಕ್ಷೆಯನ್ನು ಹಾಗೆಯೇ ಬಿಟ್ಟರೆ, ವರ್ಷದ ಕೊನೆಯ ತಿಂಗಳುಗಳಲ್ಲಿ ಎಲ್ಲರೂ ಬಾಯಿಪಾಠಕ್ಕೆ ಮರಳುವುದು ಖಚಿತ. ಆದ್ದರಿಂದ 8ನೆಯ ತರಗತಿಯ ಸಾರ್ವಜನಿಕ ಪರೀಕ್ಷೆಯಲ್ಲಿ ಈ ಶಾಲೆಗಳಿಗೆ ಪ್ರತ್ಯೇಕ ವಿಜ್ಞಾನ ಪರೀಕ್ಷೆ ನಡೆಸಲು ಸರ್ಕಾರ ಒಪ್ಪಿತು. ಲಿಖಿತ ಪರೀಕ್ಷೆಯೊಂದಿಗೆ ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಮಕ್ಕಳು ಪುಸ್ತಕವನ್ನೂ ತಮ್ಮ ನೋಟ್ ಪುಸ್ತಕವನ್ನೂ ಒಳಗೆ ತರಬಹುದಾಗಿತ್ತು. ನೆನಪನ್ನು ಅಳೆಯುವ ಪ್ರಶ್ನೆಗಳಿಗೆ ಇಲ್ಲಿ ಅರ್ಥವೇ ಇರಲಿಲ್ಲವಾದ್ದರಿಂದ ಕೋಷ್ಟಕವನ್ನು ಓದುವ, ಪ್ರಯೋಗವನ್ನು ಯೋಜಿಸುವ, ಕಾರಣ ಹೇಳುವ ಪ್ರಶ್ನೆಗಳನ್ನು ಕೇಳಲಾಗುತ್ತಿತ್ತು. ಪ್ರಶ್ನೆಪತ್ರಿಕೆಯ ತಯಾರಿಯಲ್ಲೂ ಮೌಲ್ಯಮಾಪನದಲ್ಲೂ ಶಿಕ್ಷಕರೇ ಪಾಲ್ಗೊಂಡರು. ಒಂದು ರಾಜ್ಯದ ಶಿಕ್ಷಣ ಇಲಾಖೆಯು ಪುಸ್ತಕ ತೆರೆದು ಬರೆಯುವ ಪರೀಕ್ಷೆಯನ್ನು ಹಳ್ಳಿಯ ಶಾಲೆಗಳಲ್ಲಿ ವರ್ಷಗಟ್ಟಲೆ ನಡೆಸಿತೆಂಬುದು ಇಂದಿಗೂ ಅಚ್ಚರಿಯ ಸಂಗತಿ.

ಟೀಕೆಗಳು ಮತ್ತು ಮುಕ್ತಾಯ

ಕಾರ್ಯಕ್ರಮದ ಮೇಲೆ ಟೀಕೆಗಳೂ ಇದ್ದವು. ಪರಮಾಣುವಿನಂತಹ ಅಮೂರ್ತ ವಿಷಯಗಳನ್ನು ಮುಂದಕ್ಕೆ ಹಾಕಿದ್ದರಿಂದ ಮಕ್ಕಳು 9ನೆಯ ತರಗತಿಯಲ್ಲಿ ಹಿಂದೆ ಬೀಳುತ್ತಾರೆಂಬ ಆತಂಕ ಪೋಷಕರಲ್ಲಿತ್ತು. ಉಳಿದ ರಾಜ್ಯವೆಲ್ಲ ಒಂದು ಪುಸ್ತಕ ಓದುವಾಗ ಈ ಮಕ್ಕಳಿಗೆ ಮಾತ್ರ ಬೇರೆ ಏಕೆ ಎಂಬ ಪ್ರಶ್ನೆಯೂ ಇತ್ತು. ಈ ಆತಂಕಗಳನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಪ್ರೌಢಶಾಲೆಯ ಬೋಧನೆಯೂ ಪರೀಕ್ಷೆಯೂ ಹಳೆಯ ಕ್ರಮದಲ್ಲೇ ಉಳಿದಿದ್ದವು. ಕಿಟ್ಟಿನ ವಸ್ತುಗಳು ಮುಗಿದಾಗ ಮರುಪೂರೈಕೆ ತಡವಾಗುತ್ತಿತ್ತು. ತರಬೇತಿ ಪಡೆದ ಶಿಕ್ಷಕರು ವರ್ಗಾವಣೆಯಾಗಿ ಹೊಸಬರು ಬರುತ್ತಿದ್ದರು. ಶಾಲೆಗಳ ಸಂಖ್ಯೆ ಬೆಳೆದಂತೆ ಮಾಸಿಕ ಸಭೆಗಳನ್ನೂ ಭೇಟಿಗಳನ್ನೂ ಮೊದಲಿನ ಹುರುಪಿನಲ್ಲಿ ನಡೆಸುವುದು ಕಷ್ಟವಾಯಿತು.

2002ರಲ್ಲಿ ಮಧ್ಯಪ್ರದೇಶ ಸರ್ಕಾರವು ಕಾರ್ಯಕ್ರಮವನ್ನು ನಿಲ್ಲಿಸಿ, ಈ ಶಾಲೆಗಳಿಗೂ ರಾಜ್ಯದ ಸಾಮಾನ್ಯ ಪಠ್ಯಪುಸ್ತಕಗಳನ್ನೇ ಜಾರಿಗೊಳಿಸಿತು. ಏಕಲವ್ಯ ಸಂಸ್ಥೆಯ ಸಮಾಜವಿಜ್ಞಾನ ಕಾರ್ಯಕ್ರಮವೂ ಆಗಲೇ ನಿಂತಿತು. ದೇಶದ ಅನೇಕ ವಿಜ್ಞಾನಿಗಳೂ ಶಿಕ್ಷಣತಜ್ಞರೂ ಈ ನಿರ್ಧಾರವನ್ನು ವಿರೋಧಿಸಿದರು. ಆದರೆ ನಿರ್ಧಾರ ಬದಲಾಗಲಿಲ್ಲ. ಮೂವತ್ತು ವರ್ಷಗಳ ಕೆಲಸವು ಒಂದು ಶೈಕ್ಷಣಿಕ ವರ್ಷದ ಆರಂಭದಲ್ಲಿ ಕೊನೆಗೊಂಡಿತು.

ಪ್ರಭಾವ

ಕಾರ್ಯಕ್ರಮದ ಕಥೆಯನ್ನು ಅದರಲ್ಲಿ ಕೆಲಸ ಮಾಡಿದ ಸುಶೀಲ್ ಜೋಶಿ ಅವರು ಹಿಂದಿಯಲ್ಲಿ ‘ಜಶ್ನ್-ಎ-ತಾಲೀಮ್’ ಎಂಬ ಪುಸ್ತಕವಾಗಿ ಬರೆದಿದ್ದಾರೆ. ಮಾಡಿ ಕಲಿಯುವ ವಿಧಾನಕ್ಕೆ ಒತ್ತುಕೊಟ್ಟ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ರೂಪಿಸಿದ ಸಮಿತಿಯ ಅಧ್ಯಕ್ಷರಾಗಿದ್ದವರು ಭೌತವಿಜ್ಞಾನಿ ಯಶ್ ಪಾಲ್. ಹೋಶಂಗಾಬಾದಿನ ಆರಂಭದ ದಿನಗಳಲ್ಲಿ ನೆರವಾದ ಟಾಟಾ ಸಂಸ್ಥೆಯ ವಿಜ್ಞಾನಿಗಳಲ್ಲಿ ಅವರೂ ಒಬ್ಬರು. ಏಕಲವ್ಯವು ಮಕ್ಕಳಿಗಾಗಿ 1985ರಲ್ಲಿ ‘ಚಕ್ಮಕ್’ ಪತ್ರಿಕೆಯನ್ನು, ಮುಂದೆ ಶಿಕ್ಷಕರಿಗಾಗಿ ‘ಸಂದರ್ಭ್’ ಪತ್ರಿಕೆಯನ್ನು ಆರಂಭಿಸಿತು. ಕಾರ್ಯಕ್ರಮ ನಿಂತ ಮೇಲೂ ಸವಾಲಿರಾಮನು ‘ಸಂದರ್ಭ್’ ಪತ್ರಿಕೆಯ ಅಂಕಣದಲ್ಲಿ ಪ್ರಶ್ನೆಗಳಿಗೆ ಉತ್ತರಿಸುತ್ತ ಬಂದಿದ್ದಾನೆ.