ಇಲ್ಲದ್ದನ್ನು ಬರೆದರೆ ಸುಳ್ಳಾಗುವುದಿಲ್ವಾ?

ಮೂರು ವರ್ಷದ ಹಿಂದೆ ನನ್ನ ಮೊದಲ ಕತೆ ಅಚ್ಚಾದ ಮರುದಿನ ಬೆಳಗ್ಗೆ ಏಳೂವರೆಗೇ ಮಾಮಿಯ ಫೋನು. "ನಮ್ಮ ಮನೆಯ ವಿಷಯ ಪೇಪರಿಗೆ ಹಾಕಿದ್ದೀಯಲ್ಲ ಮಗಳೇ, ನಿನಗೆ ಬೇರೆ ಯಾರೂ ಸಿಗಲಿಲ್ವಾ?"

ಕತೆಯಲ್ಲಿ ಇದ್ದದ್ದು ಇಷ್ಟೇ: ಗಲ್ಫಿನಲ್ಲಿರುವ ಮಗ ತಂದುಕೊಟ್ಟ ಕಂಬಳಿಯನ್ನು ಒಬ್ಬ ಮುದುಕಿ ಬಿಚ್ಚದೆ ಕಪಾಟಿನಲ್ಲಿ ಇಟ್ಟಿರುತ್ತಾಳೆ. ಮಗ ಬಂದ ದಿನ ಹೊದೆಯಬೇಕೆಂದು ಅವಳ ಆಸೆ. ಮಾಮಿಯ ಕಪಾಟಿನಲ್ಲೂ ಅಂಥದ್ದೊಂದು ಕಂಬಳಿ ಇದೆ ಎಂದು ನನಗೆ ಗೊತ್ತಾದದ್ದೇ ಆ ಫೋನು ಬಂದ ಮೇಲೆ!

ಉಮ್ಮನ ತಕರಾರು ಬೇರೆ. "ನಡೆದದ್ದನ್ನು ಬರೆದರೆ ಜನ ಬೈತಾರೆ. ಇಲ್ಲದ್ದನ್ನು ಬರೆದರೆ ಸುಳ್ಳಾಗುವುದಿಲ್ವಾ?" ಹೆದರಿಕೆಯಾಯಿತು. ಎಂಟು ತಿಂಗಳು ಪೆನ್ನು ಮುಟ್ಟಲಿಲ್ಲ.

ಮಸ್‌ಅಲಾ ಹೇಳುವ ಅರ್ಹತೆ ನನಗಿಲ್ಲ, ಅದನ್ನು ಉಸ್ತಾದರೇ ಹೇಳಲಿ. ಆದರೆ ಮದುವೆ ಮನೆಯಲ್ಲಿ ಹಿರಿಯರು ತಲೆದೂಗಿ ಕೇಳುತ್ತಿದ್ದ ಮಾಪಿಳ್ಳ ಹಾಡುಗಳು ನೆನಪಾದವು. ಮೋಯಿನ್‌ಕುಟ್ಟಿ ವೈದ್ಯರ್ 'ಬದರುಲ್ ಮುನೀರ್ ಹುಸ್ನುಲ್ ಜಮಾಲ್' ಬರೆದದ್ದು 1872ರಲ್ಲಿ, ಇಪ್ಪತ್ತರ ಹರೆಯದಲ್ಲಿ. ರಾಜಕುಮಾರಿ, ಮಂತ್ರಿಯ ಮಗ, ನಡುವೆ ಜಿನ್ನುಗಳು. ಕೇಳುವವರಿಗೂ ಗೊತ್ತು ಇದು ಕತೆ ಎಂದು. ಸುಳ್ಳು ಹೇಳುವವ ನಂಬಿಸಲು ನೋಡುತ್ತಾನೆ; ಕತೆಗಾರ ಇದು ಕತೆ ಅಂತ ಮೊದಲೇ ಹೇಳಿಬಿಟ್ಟಿರುತ್ತಾನೆ. ಉಮ್ಮನಿಗೆ ಇದನ್ನು ಹೇಳಿದೆ. ಪೂರ್ತಿ ಒಪ್ಪಲಿಲ್ಲ, ಆದರೆ ಮತ್ತೆ ಆ ಮಾತು ತೆಗೆಯಲಿಲ್ಲ.

ಬರೆಯುವುದು ಯಾಕೆ ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಸಾರಾ ಅಬೂಬಕ್ಕರ್ ಅವರಿಂದ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದವರು. ಅವರ ಮೊದಲ ಲೇಖನ ಲಂಕೇಶ್ ಪತ್ರಿಕೆಯಲ್ಲಿ ಬಂದದ್ದು 1981ರಲ್ಲಿ, ನಲವತ್ತು ದಾಟಿದ ಮೇಲೆ. ಮಕ್ಕಳನ್ನು ಸಾಕಿ ಬೆಳೆಸಿ ಆದ ಮೇಲೆ ಶುರುಮಾಡಿದ್ದು ಅನ್ನಿ. 1984ರಲ್ಲಿ 'ಚಂದ್ರಗಿರಿಯ ತೀರದಲ್ಲಿ' ಪುಸ್ತಕವಾಯಿತು. ಗಂಡನ ಜತೆ ಬಾಳಬೇಕೆಂದಿದ್ದ ನಾದಿರಾಳಿಗೆ ಅವಳ ಬಾಪನ ಹಟದಿಂದಲೇ ತಲಾಕ್ ಆಗುತ್ತದೆ. ವಾಪಸ್ ಹೋಗಬೇಕಾದರೆ ಮೊದಲು ಬೇರೊಬ್ಬನ ಹೆಂಡತಿಯಾಗಬೇಕು. ಅದು ಆಗದೆ ಅವಳು ಪಳ್ಳಿಯ ಕೆರೆಗೆ ಇಳಿಯುತ್ತಾಳೆ.

ಇದನ್ನು ಯಾವುದೋ ಒಂದು ಮನೆಯ ಸುದ್ದಿಯಾಗಿ ಬರೆದಿದ್ದರೆ ಎಂತ ಆಗ್ತಿತ್ತು? ಆ ಮನೆಯ ಹುಡುಗಿಯರಿಗೆ ಗಂಡು ಸಿಗುವುದು ಕಷ್ಟವಾಗ್ತಿತ್ತು, ಅಷ್ಟೇ. ನಾದಿರಾ ಯಾರ ಮನೆಯವಳೂ ಅಲ್ಲ. ಹಾಗಾಗಿ ಯಾರ ಮಾನವೂ ಹೋಗಲಿಲ್ಲ, ಮಾತು ಮಾತ್ರ ಎಲ್ಲ ಮನೆಯಲ್ಲೂ ನಡೆಯಿತು. ಸಾರಾ ಅವರು ವಿರೋಧವನ್ನೂ ಎದುರಿಸಿದರು, ಬರೆಯುವುದನ್ನು ಬಿಡಲಿಲ್ಲ.

ಖುಷಿಯ ವಿಷಯ ಬೇರೆಯೇ ಇದೆ. ನಾವು ಮನೆಯಲ್ಲಿ ಬ್ಯಾರಿ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತವರು. ಪಾಠದಲ್ಲಿ ಯಾವಾಗಲೂ 'ತಾಯಿ' ಅಂತಲೇ ಇರುತ್ತಿತ್ತು. ಮುಸ್ಲಿಮರ ಮನೆಮಾತು, ನಗು, ಜಗಳ ಎಲ್ಲ ಕನ್ನಡ ಕತೆಯೊಳಗೆ ಬರಬಹುದು ಅಂತ ನನಗೆ ಗೊತ್ತಾದದ್ದು ಬೊಳುವಾರು ಮಹಮದ್ ಕುಂಞಿ ಅವರ ಮುತ್ತುಪ್ಪಾಡಿಯ ಕತೆಗಳನ್ನು ಓದಿದ ಮೇಲೆ. ಮುತ್ತುಪ್ಪಾಡಿ ಅವರೇ ಕಟ್ಟಿದ ಊರು. ನಾನು 'ತಾಯಿ'ಯನ್ನು ಹೊಡೆದುಹಾಕಿ 'ಉಮ್ಮ' ಎಂದು ಬರೆದ ರಾತ್ರಿ ಕತೆಯ ಮುದುಕಿ ತಾನಾಗಿಯೇ ಮಾತಾಡತೊಡಗಿದಳು. ಇಶಾ ನಮಾಝ್ ಮುಗಿದು, ಪಾತ್ರೆ ತೊಳೆದು, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೆ. ಆರು ಪುಟದ ಕತೆಗೆ ಮೂರು ತಿಂಗಳು ಹಿಡಿಯಿತು. ಆದರೂ ಆ ಮುಕ್ಕಾಲು ಗಂಟೆಗಾಗಿ ಬೆಳಗ್ಗಿನಿಂದಲೇ ಕಾಯುತ್ತಿದ್ದೆ ಮಾರಾಯ್ರೆ.

ಮೊನ್ನೆ ಮಾಮಿಯ ಮನೆಗೆ ಹೋಗಿದ್ದೆ. ಚಾ ಕೊಟ್ಟು, ಪಕ್ಕದಲ್ಲಿ ಕೂತು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಕತೆಯ ಮುದುಕಿ ಕಂಬಳಿ ಹೊದ್ದಳಾ ಕೊನೆಗೆ?"

ಅದನ್ನಿನ್ನೂ ಬರೆದಿಲ್ಲ ಎಂದೆ.

"ಬೇಗ ಬರಿ," ಅಂದರು.