ಎರಡು ಸ್ಟಾರು, ಒಂದು ರಿಬ್ಬನ್ನು!

ಬಸ್ಸು ಬಿಡೋಕೆ ಇನ್ನೂ ಹತ್ತು ನಿಮಿಷ ಇದೆಯಾ? ಹಾಗಾದರೆ ಕಿಟಕಿ ಪಕ್ಕ ಸೀಟು ಹಿಡಿದು ಕೂತ್ಕೊಳ್ಳಿ. ಈ ವಾರ ಹೀರೋಯಿನ್‌ಗಳ ಸುದ್ದಿ ಇಲ್ಲ. ಹೀರೋ ಸಾಹೇಬರ ಹೆಗಲ ಸುದ್ದಿ!

‘ಅಂತ’ದಲ್ಲಿ (1981) ಅಂಬರೀಷ್ ಇನ್ಸ್‌ಪೆಕ್ಟರ್ ಆದರು. ‘ಸಾಂಗ್ಲಿಯಾನ’ದಲ್ಲಿ (1988) ಶಂಕರನಾಗ್ ಖಾಕಿ ತೊಟ್ಟರು. ‘ಮುತ್ತಿನ ಹಾರ’ದಲ್ಲಿ (1990) ವಿಷ್ಣುವರ್ಧನ್ ಕೊಡಗಿನ ಯೋಧನಾದರು. ‘ಪೊಲೀಸ್ ಸ್ಟೋರಿ’ಯಲ್ಲಿ (1996) ಸಾಯಿಕುಮಾರ್ ಗುಡುಗಿದರು. ನಮ್ಮ ಉಡುಪಿಯ ಹುಡುಗ ರಕ್ಷಿತ್ ಶೆಟ್ಟಿಯೂ ‘ಅವನೇ ಶ್ರೀಮನ್ನಾರಾಯಣ’ದಲ್ಲಿ (2019) ಇನ್ಸ್‌ಪೆಕ್ಟರ್ ಆಗಿ ಬಂದರು. ಡೈಲಾಗಿಗೆ ಶಿಳ್ಳೆ ಹೊಡೆದೆವು, ಫೈಟಿಗೆ ಚಪ್ಪಾಳೆ ತಟ್ಟಿದೆವು. ಆದರೆ ಹೆಗಲ ಮೇಲೆ ಮಿನುಗಿದ ಸ್ಟಾರು ಎಷ್ಟು, ಅದನ್ನು ಅಲ್ಲಿ ಕೂರಿಸಿದ ಪುಣ್ಯಾತ್ಮ ಯಾರು, ಕೇಳಿದವರುಂಟಾ?

ಪಿ.ಯು.ಸಿ. ಅರ್ಧಕ್ಕೇ ಬಿಟ್ಟ ನನ್ನ ಹೆಗಲಿಗಂತೂ ಯಾವ ಸ್ಟಾರೂ ಬರಲಿಲ್ಲ. ಇರೋದು ಒಂದು ಜೋಳಿಗೆ ಚೀಲ. ಅದನ್ನೇ ನೇತುಹಾಕ್ಕೊಂಡು ಉಡುಪಿ, ಕಾಪು, ಕಾರ್ಕಳ ಅಂತ ವೇಷದಂಗಡಿ, ಟೈಲರ್ ಅಂಗಡಿಗಳನ್ನು ಸುತ್ತಿ ಬಂದೆ.

ಹೆಗಲು ಮಾತಾಡುವ ಊರು

ಉಡುಪಿಗೆ ವೇಷ ಹೊಸತಲ್ಲ. ವಿಟ್ಲಪಿಂಡಿ ಬಂತೆಂದರೆ ರಥಬೀದಿ ತುಂಬ ಹುಲಿಗಳು. ಮಾರ್ನೆಮಿಗೆ ಅಂಗಡಿ ಅಂಗಡಿಗೆ ನುಗ್ಗಿ ಕಾಸು ಕೇಳುವ ಪೊಲೀಸ್ ವೇಷ! ಯಕ್ಷಗಾನದ ರಾಜನನ್ನೇ ನೋಡಿ. ಹಗುರ ಮರಕ್ಕೆ ಬೇಗಡೆ ಅಂಟಿಸಿದ ಭುಜಕೀರ್ತಿ ಕಟ್ಟದೆ ಅವನು ರಂಗಕ್ಕೇ ಬರೋದಿಲ್ಲ. ಬಾಯಿ ತೆಗೆಯುವ ಮೊದಲೇ ಹೆಗಲು ಹೇಳಬೇಕು, ಇವನು ಯಾರು ಅಂತ.

ಉಡುಪಿಯ ವೇಷದಂಗಡಿಯವರಿಗೆ ಮಣಿಪಾಲದ ಕಾಲೇಜು ಹುಡುಗರೂ ಗಿರಾಕಿಗಳು. ನಾಟಕಕ್ಕೆ ಡ್ರೆಸ್ ಬಾಡಿಗೆಗೆ ಬಂದವರೆಲ್ಲ ಕೇಳೋದು ಒಂದೇ: ಸ್ಟಾರು ಜಾಸ್ತಿ ಹಾಕಿ! “ಜಾಸ್ತಿ ಹಾಕ್ಲಿಕ್ಕೆ ಇದೆಂತ ದೀಪಾವಳಿ ಗೂಡುದೀಪವಾ ಮಾರಾಯ್ರೆ?” ಅಂತ ನಕ್ಕರು ಅಂಗಡಿಯವರು.

ಲೆಕ್ಕ ಇಷ್ಟೇ. ಪೊಲೀಸರಲ್ಲಿ ಎರಡು ಸ್ಟಾರು, ಜೊತೆಗೆ ಕೆಂಪು-ನೀಲಿ ರಿಬ್ಬನ್ ಇದ್ದರೆ ಸಬ್ ಇನ್ಸ್‌ಪೆಕ್ಟರ್. ಮೂರು ಸ್ಟಾರು, ರಿಬ್ಬನ್ ಇದ್ದರೆ ಇನ್ಸ್‌ಪೆಕ್ಟರ್. ಅದೇ ಮೂರು ಸ್ಟಾರು ಇದ್ದು ರಿಬ್ಬನ್ ಇಲ್ಲದಿದ್ದರೆ ಡಿ.ವೈ.ಎಸ್‌.ಪಿ.! ಒಂದು ಗೇಣು ರಿಬ್ಬನ್ ಮರೆತರೆ ಇನ್ಸ್‌ಪೆಕ್ಟರಿಗೆ ಪುಕ್ಕಟೆ ಪ್ರಮೋಷನ್. ಮತ್ತೆ, ಐ.ಪಿ.ಎಸ್. ಆದವರು ಇನ್ಸ್‌ಪೆಕ್ಟರ್ ಆಗೋದೇ ಇಲ್ಲ, ಅವರ ಕೆಲಸ ಶುರುವಾಗೋದೇ ಎ.ಎಸ್‌.ಪಿ.ಯಿಂದ. ‘ಇನ್ಸ್‌ಪೆಕ್ಟರ್ ಇಂಥವರು, ಐ.ಪಿ.ಎಸ್.’ ಅಂತ ಡೈಲಾಗ್ ಬರೆಯುವ ಬರಹಗಾರ ಮಿತ್ರರು ದಯವಿಟ್ಟು ಗಮನಿಸಬೇಕು.

ಸೈನ್ಯದಲ್ಲಿ ಎರಡು ಸ್ಟಾರು ಲೆಫ್ಟಿನೆಂಟ್, ಮೂರು ಸ್ಟಾರು ಕ್ಯಾಪ್ಟನ್, ಬರೀ ಅಶೋಕ ಸಿಂಹ ಇದ್ದರೆ ಮೇಜರ್. ಸಿಂಹದ ಜೊತೆ ಒಂದು ಸ್ಟಾರು ಬಂದರೆ ಲೆಫ್ಟಿನೆಂಟ್ ಕರ್ನಲ್, ಎರಡು ಬಂದರೆ ಕರ್ನಲ್. ಇನ್ನೊಂದು ಗುಟ್ಟು: ಕತೆ 1950ರ ಜನವರಿ 26ಕ್ಕಿಂತ ಹಿಂದಿನದಾದರೆ ಸಿಂಹ ಹಾಕುವಂತಿಲ್ಲ. ಆಗ ಇದ್ದದ್ದು ಬ್ರಿಟಿಷ್ ಕಿರೀಟ!

ಕತ್ತರಿ ಮುಟ್ಟಬೇಡಿ

ಇನ್ನು ಕೂರಿಸುವ ಕಸುಬು. ಸ್ಟಾರಿನ ಬೆನ್ನಿಗೆ ಪುಟ್ಟ ಕೊಂಡಿಗಳಿರುತ್ತವೆ, ಕೆಲವಕ್ಕೆ ಸ್ಕ್ರೂ ಮತ್ತು ನಟ್ಟು. ಕೋಟನ್ನು ಮೇಜಿನ ಮೇಲೆ ಹಾಸಿ ಗುರುತು ಹಾಕಿದರೆ ಕೆಟ್ಟಿತು. ಮೇಜು ಸಪಾಟು, ಹೆಗಲು ಇಳಿಜಾರು. ತೊಡುವವನಿಗೇ ತೊಡಿಸಿ, ಭುಜಪಟ್ಟಿಯ ನಟ್ಟನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಆಮೇಲೆ ದಬ್ಬಣದಲ್ಲಿ ತೂತು. ದಬ್ಬಣ ನೂಲನ್ನು ಸರಿಸುತ್ತದೆ, ಕತ್ತರಿ ಕಡಿಯುತ್ತದೆ. ಕಡಿದ ತೂತು ದಿನೇ ದಿನೇ ದೊಡ್ಡದಾಗಿ ಒಂದು ದಿನ ಸ್ಟಾರು ಜೋತುಬೀಳುತ್ತದೆ! ತೂತಿನ ಸುತ್ತ ಕಾಜಾ ಹೊಲಿಗೆ, ಒಳಗೆ ಬಕ್ರಂ ತುಂಡು, ಕೊಂಡಿಗೆ ಪಿನ್ನು, ಪಿನ್ನಿನ ಅಡಿಗೆ ಚರ್ಮದ ಬಿಲ್ಲೆ. ಸ್ಟಾರಿನ ಒಂದು ಮೂಲೆ ಕತ್ತಿನ ಕಡೆ ನೋಡಬೇಕು. ಸಿಂಹದ ತಲೆಯೂ ಅತ್ತಲೇ. ಫೈಟ್ ಸೀನಿಗೆ ಮಾತ್ರ ಲೋಹದ ಸಹವಾಸ ಬೇಡ. ಹೆಗಲ ಮೇಲೆ ಬಿದ್ದರೆ ಪಿನ್ನು ಮಾಂಸಕ್ಕೇ ನಾಟುತ್ತದೆ.

ಉಡುಪಿಯಲ್ಲಿ ಇಷ್ಟು ಕಲಿತು ಕಾಪು ಬಸ್ ಹತ್ತಿದೆ. ಅಲ್ಲಿ 1901ರ ದೀಪಸ್ತಂಭ ಇದೆ, ಬಂಡೆ ಇದೆ, ಕ್ಯಾಮರಾಗೆ ಬೇಕಾದ ಕಡಲಿದೆ. ಜೊತೆಗೆ ಹಿತ್ತಾಳೆಯ ಶತ್ರು ಉಪ್ಪುಗಾಳಿಯೂ ಇದೆ! ಗಾಳಿಯ ಉಪ್ಪಿಗೆ ಮೈಯ ಬೆವರು ಸೇರಿದರೆ ಥಳಥಳಿಸುವ ಗುಂಡಿಗೂ ಹಸಿರು ಕಿಲುಬು. ಅಲ್ಲಿನ ಟೈಲರ್ ಒಬ್ಬರ ಬುದ್ಧಿಮಾತು: ಕೆಲಸ ಮುಗಿದ ಕೂಡಲೇ ಲೋಹ ಬಿಚ್ಚಿ, ಒರೆಸಿ, ಬೇರೆ ಡಬ್ಬಿಯಲ್ಲಿಡಿ. ಹುಣಸೆಹುಳಿಯಲ್ಲೋ ಬಿಂಬುಳಿಯಲ್ಲೋ ತಿಕ್ಕಿ ತೊಳೆದು ಒಣಗಿಸಿ. ಬಟ್ಟೆಯ ಮೇಲಿರುವಾಗಲೇ ತಿಕ್ಕಿದರೆ ಕಲೆ ಬಿದ್ದು ಕೋಟೇ ಹಾಳು.

ಕಾರ್ಕಳದ ಕೋಟು

ಕಾಪುವಿನ ಟೈಲರೇ ಕೈತೋರಿಸಿದ್ದು: ಮಿಲಿಟರಿ ಡ್ರೆಸ್ ಅಂದರೆ ಕಾರ್ಕಳದ ಇಂಥವರನ್ನು ನೋಡಿ, ಹರೆಯದಲ್ಲಿ ಬೆಳಗಾವಿ ಕ್ಯಾಂಪಿನಲ್ಲಿ ಹೊಲಿದವರು ಅಂತ. ಹೋದೆ. ತುಳಿಯುವ ಹಳೇ ಮಿಷನ್ನು. ಮೇಜಿನ ಮೇಲೊಂದು ಹಸಿರು ಮಿಲಿಟರಿ ಕೋಟು. ಎದುರಿಗೆ ನಲವತ್ತು ದಾಟಿದ ಒಬ್ಬರು. ತೀರಿಹೋದ ತಂದೆಯ ಕೋಟಂತೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಮನೆಯ ಗೋಡೆಗೆ ಹಾಕಬೇಕು. ಡಬ್ಬಿಯಲ್ಲಿ ನಾಲ್ಕು ಸ್ಟಾರು, ಅಂದರೆ ಹೆಗಲಿಗೆ ಎರಡು. “ಅಪ್ಪ ಲೆಫ್ಟಿನೆಂಟ್ ಆಗಿದ್ರು. ಕೆಳಗೆ ಹಾಗೇ ಬರೆಸ್ತೇನೆ” ಅಂದರು ಮಗ.

ಟೈಲರ್ ಮಾತಾಡಲಿಲ್ಲ. ಕೋಟನ್ನು ಬೆಳಕಿಗೆ ಹಿಡಿದರು. ಭುಜಪಟ್ಟಿಯಲ್ಲಿ, ತೋಳಿನ ಕಡೆಯ ತುದಿಗೆ, ಬಟ್ಟೆ ಮಾಸದೆ ಉಳಿದ ಒಂದು ಅಡ್ಡಗೆರೆ. ಸೂಜಿಯ ಮೊನೆಯಲ್ಲಿ ಕೆದಕಿದರು. ಒಂದೆಳೆ ಕೆಂಪು ದಾರ ಬಂತು!

“ಇಲ್ಲೊಂದು ರಿಬ್ಬನ್ ಇತ್ತು. ಕೆಂಪು, ಹಳದಿ, ಕೆಂಪು. ಎರಡು ಸ್ಟಾರಿನ ಜೊತೆ ಈ ರಿಬ್ಬನ್ ಉಂಟಾದ್ರೆ ಲೆಫ್ಟಿನೆಂಟ್ ಅಲ್ಲ. ನಿಮ್ಮ ತಂದೆ ಸುಬೇದಾರ್.”

ಮಗನ ಮುಖ ಸಣ್ಣದಾಯಿತು. ಅಷ್ಟು ವರ್ಷ ಸಂಬಂಧಿಕರ ಮುಂದೆ ಹೇಳಿಕೊಂಡು ಬಂದ ಮಾತು! ರಿಬ್ಬನ್ ಬಿಟ್ಟು ಬರೀ ಸ್ಟಾರು ಹಾಕಿದರಾಗದೇ, ನೋಡುವವರಿಗೆ ಏನು ಗೊತ್ತಾಗುತ್ತೆ ಅಂತ ಮೆಲ್ಲಗೆ ಕೇಳಿದರು.

ಟೈಲರ್ ಸಿಟ್ಟಾಗಲಿಲ್ಲ. ಬೆರಳು ಮಡಿಸಿ ಎಣಿಸಿದರು. “ಸಿಪಾಯಿ. ಲ್ಯಾನ್ಸ್ ನಾಯಕ್. ನಾಯಕ್. ಹವಾಲ್ದಾರ್. ನಾಯಬ್ ಸುಬೇದಾರ್. ಆಮೇಲೆ ಸುಬೇದಾರ್. ಒಂದೊಂದೇ ಮೆಟ್ಟಿಲು ಹತ್ತಿ ಬಂದವರು ಅವರು. ಆ ರಿಬ್ಬನ್ ತೆಗೆದ್ರೆ ಸ್ಟಾರು ಉಳೀತದೆ, ನಿಮ್ಮ ಅಪ್ಪ ಉಳಿಯುದಿಲ್ಲ.”

ಅಂಗಡಿಯಲ್ಲಿ ಒಂದು ನಿಮಿಷ ಸದ್ದಿಲ್ಲ. ಆಮೇಲೆ ಮಗ ಮನೆಗೆ ಫೋನ್ ಮಾಡಿ ಅಮ್ಮನಿಗೆ ಪಿಂಚಣಿ ಪುಸ್ತಕ ತೆಗೆದು ಓದಲು ಹೇಳಿದರು. ಅಮ್ಮ ಓದಿದ್ದು ಹೊರಗೆ ಕೂತ ನನಗೂ ಕೇಳಿಸಿತು. ಸುಬೇದಾರ್!

ಹಳೇ ತೂತುಗಳು ಹಾಗೇ ಇದ್ದವು. ದಬ್ಬಣಕ್ಕೆ ಕೆಲಸವೇ ಇರಲಿಲ್ಲ. ರಿಬ್ಬನ್ ತರಿಸಿ ಹೊಲಿಯಲು ನಾಲ್ಕು ದಿನದ ವಾಯಿದೆ ಆಯಿತು.

ಒಂದು ಕಿವಿಮಾತು

ಇದನ್ನೋದಿ ಯಾರೂ ಉತ್ಸಾಹದಲ್ಲಿ ಮಿಲಿಟರಿ ಕೋಟು ತೊಟ್ಟು ಪೇಟೆ ಸುತ್ತಬೇಡಿ! ಸೈನಿಕನಲ್ಲದವನು, ಜನ ತನ್ನನ್ನು ಸೈನಿಕ ಅಂತ ನಂಬಲಿ ಎಂದು ಆ ಉಡುಪು, ಆ ಬಿಲ್ಲೆ ತೊಟ್ಟರೆ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಲ್ಲಿ 3 ತಿಂಗಳವರೆಗೆ ಸಜೆ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೇ ದಂಡಸಂಹಿತೆಯಲ್ಲಿ ದಂಡ 500 ರೂಪಾಯಿ ಇತ್ತು. ನಾಟಕ, ಸಿನಿಮಾದಲ್ಲಿ ನಂಬಿಸುವ ಮೋಸ ಇಲ್ಲ, ಆಟ ಅಂತ ಎಲ್ಲರಿಗೂ ಗೊತ್ತು. ಆಟ ಮುಗಿದ ಮೇಲೆ ಬಿಚ್ಚಿಡಬೇಕು, ಅಷ್ಟೇ.

ನಮ್ಮ ನಿರ್ಮಾಪಕರಿಗೆ, ನಿರ್ದೇಶಕರಿಗೆ ಒಂದು ವಿನಂತಿ. ಹೀರೋನ ಕೂದಲಿಗೆ ಕೊಡುವ ಸಮಯದಲ್ಲಿ ಐದು ನಿಮಿಷ ಅವನ ಹೆಗಲಿಗೂ ಕೊಡಿ. ಟಾಕೀಸಿನ ಮುಂದಿನ ಬೆಂಚಿನಲ್ಲಿ ಯಾವುದೋ ಸುಬೇದಾರರ ಮಗ ಕೂತಿರಬಹುದು. ಸ್ಟಾರನ್ನು ಎಲ್ಲರೂ ಎಣಿಸುತ್ತಾರೆ. ಅವನು ಹುಡುಕೋದು ರಿಬ್ಬನ್ನನ್ನು!